ಶಿರಸಿಯ ಒಂದು ಗಣಿತ ಟ್ಯೂಷನ್: ಪಾಠಕ್ಕೆ ನಾಲ್ಕು ಸ್ಟಾರ್, ನೋಟ್ಸಿಗೆ ಒಂದು

ಮಗಳು ಫಸ್ಟ್ ಪಿಯುಸಿ ಸೈನ್ಸ್. ಕಾಂಪ್ಲೆಕ್ಸ್ ನಂಬರ್ ಪಾಠ ಬಂದದ್ದೇ ತಡ, ಮನೆಯಲ್ಲಿ ಮುಖ ಊದಿಸಿಕೊಂಡು ಕೂರುವುದು ಶುರುವಾಯಿತು. ಕೊನೆಗೆ ಐದು ರಸ್ತೆ ಸರ್ಕಲ್ ಹತ್ತಿರ ಮಹಡಿ ಮೇಲೆ ನಡೆಯುವ ಒಂದು ಟ್ಯೂಷನ್‌ಗೆ ಹಾಕಿದೆವು. ಹೆಸರು ಬರೆಯುವುದಿಲ್ಲ, ಮುಂದೆ ಸ್ವಲ್ಪ ಬಯ್ಯುವುದಿದೆ.

ಡೆಮೊ ಕ್ಲಾಸಿಗೆ ಪಾಲಕರೂ ಕೂರಬಹುದು ಅಂದರು. ಹಿಂದಿನ ಬೆಂಚಿನಲ್ಲಿ ಕೂತೆ. ಸರ್ ಬೋರ್ಡಿನ ಮೇಲೆ 'ಐ ಪವರ್ 47' ಅಂತ ಬರೆದರು. ಐ ಅಂದರೆ ಮೈನಸ್ 1ರ ವರ್ಗಮೂಲ, 1ನ್ನು ಅದರಿಂದ 47 ಸಲ ಗುಣಿಸಿದರೆ ಎಷ್ಟು ಅನ್ನುವುದು ಪ್ರಶ್ನೆ. ಸೂತ್ರ ಗೀತ್ರ ಏನೂ ಹೇಳದೆ ಒಬ್ಬ ಹುಡುಗನನ್ನು ಎಬ್ಬಿಸಿ ಪೂರ್ವಕ್ಕೆ ಮುಖ ಮಾಡಿ ನಿಲ್ಲಿಸಿದರು. ಪೂರ್ವ ಅಂದರೆ 1. ಐಯಿಂದ ಒಂದು ಸಲ ಗುಣಿಸಿದರೆ ಎಡಕ್ಕೆ ಕಾಲು ಸುತ್ತು, ಆಗ ಮುಖ ಉತ್ತರಕ್ಕೆ, ಅದು ಐ. ಇನ್ನೊಮ್ಮೆ ತಿರುಗಿದರೆ ಪಶ್ಚಿಮ, ಮೈನಸ್ 1. ಮತ್ತೊಮ್ಮೆ ದಕ್ಷಿಣ, ಮೈನಸ್ ಐ. ನಾಲ್ಕನೇ ಸಲಕ್ಕೆ ಹುಡುಗ ಹೊರಟಲ್ಲಿಗೇ ಬಂದ. "47 ಸಲ ತಿರುಗ್ತೀಯೇನೋ?" ತಲೆ ಸುತ್ತುತ್ತೆ ಸರ್ ಅಂದ. ಹಾಗಾದರೆ ಪೂರ್ತಿ ಸುತ್ತು ಬಿಟ್ಟುಬಿಡು, 44 ಹೋಯಿತು, ಮೂರು ಉಳಿಯಿತು, ಈಗ ಉತ್ತರ ಯಾವುದು? "ದಕ್ಷಿಣ ಸರ್!" ಇಡೀ ಕ್ಲಾಸು ನಕ್ಕಿತು. ನಾನೂ.

ಪವರ್ 2023 ಇದ್ದರೂ ಕೊನೆಯ ಎರಡು ಅಂಕಿ ನೋಡಿದರೆ ಸಾಕಂತೆ, 100 ಹೇಗೂ ನಾಲ್ಕರಿಂದ ಭಾಗವಾಗುತ್ತದೆ ಅಲ್ವಾ. 23ರಲ್ಲಿ 20 ಹೋದರೆ ಮತ್ತೆ ಮೂರು, ಮತ್ತೆ ಮೈನಸ್ ಐ. ಪವರ್ ಮೈನಸ್ ಇದ್ದರೆ ಬಲಕ್ಕೆ ತಿರುಗಬೇಕು, ಅಷ್ಟೇ. ನಾನು ಓದುವಾಗ ಇದನ್ನೆಲ್ಲ ಸುಮ್ನೆ ಬಾಯಿಪಾಠ ಮಾಡಿದ್ದೆ. (ನಮ್ಮ ಸರ್ಕಲ್‌ಗೆ ಐದು ರಸ್ತೆ, ಅಲ್ಲಿ ನಿಂತು ಈ ಲೆಕ್ಕ ಮಾಡಬೇಡಿ.)

ಈಗ ಬಯ್ಗುಳ. ನೋಟ್ಸು ಜೆರಾಕ್ಸಿನ ಜೆರಾಕ್ಸು. ಮೈನಸ್ ಗೆರೆಗಳೇ ಮಾಯ, ಮೈನಸ್ ಐ ಇರಬೇಕಾದಲ್ಲಿ ಬರೀ ಐ. ಪಾಪ, ಮಗಳು ಅದನ್ನೇ ನಂಬಿ ಎರಡು ಸಂಜೆ ಹಾಳು ಮಾಡಿಕೊಂಡಳು. ಅದಾದರೂ ಮಷಿನ್ನಿನ ತಪ್ಪು ಅನ್ನಬಹುದು. ಆದರೆ ಮೈನಸ್ 4ರ ವರ್ಗಮೂಲವನ್ನು ಮೈನಸ್ 9ರ ವರ್ಗಮೂಲದಿಂದ ಗುಣಿಸಿದರೆ 6 ಅಂತ ಕೊಟ್ಟಿದ್ದಾರೆ. ಎರಡನ್ನೂ ಒಂದೇ ರೂಟ್ ಒಳಗೆ ಹಾಕಿ 36 ಮಾಡಿ, ಹಂತ ಹಂತವಾಗಿ! ಮೊದಲು ಐ ಹೊರಗೆ ತೆಗೆಯಬೇಕು: 2 ಐ, 3 ಐ, ಗುಣಿಸಿದರೆ 6 ಐ ಸ್ಕ್ವೇರ್, ಅಂದರೆ ಮೈನಸ್ 6. ಆಫೀಸಿನಲ್ಲಿ ಹೇಳಿದರೆ "ಪ್ರಿಂಟ್ ಮಿಸ್ಟೇಕು" ಅಂದರು. ಮೂರು ಸಾಲು ಬಿಡಿಸಿ ಬರೆದದ್ದು ಪ್ರಿಂಟ್ ಮಿಸ್ಟೇಕು ಹೇಗಾಗುತ್ತದೆ? ಸರ್ ಮಾತ್ರ ಮರುದಿನ ಬೋರ್ಡಿನಲ್ಲಿ ತಿದ್ದಿಸಿದರು, ಅದಕ್ಕೆ ಮೆಚ್ಚಬೇಕು.

ಮಳೆಗಾಲದಲ್ಲಿ ಕರೆಂಟು ಹೋದರೆ ಇನ್ವರ್ಟರ್ ಇಲ್ಲ. ಬ್ಯಾಚ್‌ನಲ್ಲಿ ಮಕ್ಕಳೂ ಜಾಸ್ತಿ. ಸಿಇಟಿ ಸ್ಪೀಡ್ ಬೇಕಾದವರಿಗೆ ಇದು ನಿಧಾನ ಅನಿಸಬಹುದು. ನಾನಂತೂ ಸೆಕೆಂಡ್ ಪಿಯುಸಿಗೂ ಇಲ್ಲೇ ಹಾಕುತ್ತೇನೆ, ನೋಟ್ಸು ಮಾತ್ರ ಮಗಳು ತಾನೇ ಬರೆದುಕೊಳ್ಳುತ್ತಾಳೆ.