ಹೊಸ ಟ್ಯಾಟೂಗೆ ಏನು ಹಚ್ಚಬೇಕು: ಫಿಲ್ಮ್, ಲೋಷನ್, ಕೊಬ್ಬರಿ ಎಣ್ಣೆ

ಹೊಸ ಟ್ಯಾಟೂ ಅಂದ್ರೆ ಮೊದಲ ಎರಡು ಮೂರು ವಾರ ಅದು ಗಾಯವೇ. ಸೂಜಿ ಮೇಲ್ಚರ್ಮ ದಾಟಿ ಒಂದೆರಡು ಮಿಲಿಮೀಟರ್ ಒಳಗೆ ಬಣ್ಣ ಬಿಟ್ಟಿರುತ್ತದೆ. ಕೆಂಪಾಗುವುದು, ಊದುವುದು, ಉರಿ, ರಸಿಕೆ ಒಸರುವುದು ಎಲ್ಲ ಸಹಜ. ಅದಕ್ಕೆ ಏನು ಹಚ್ಚಬೇಕು ಅಂತ ಬೆಂಗಳೂರಲ್ಲಿ ಯಾರನ್ನೇ ಕೇಳಿ, ಒಬ್ಬೊಬ್ಬರದು ಒಂದೊಂದು ಮಾತು. ನನಗೆ ಮುಂಗೈ, ಭುಜ, ಮೀನಖಂಡ ಮೂರು ಕಡೆ ಟ್ಯಾಟೂ ಇದೆ. ಮೂರಕ್ಕೂ ಬೇರೆ ಬೇರೆ ಆರೈಕೆ ಮಾಡಿದ್ದೇನೆ. ಮೈಯ ಎಲ್ಲ ಜಾಗವೂ ಒಂದೇ ಥರ ಮಾಯುವುದಿಲ್ಲ, ಅದನ್ನು ನೆನಪಿಟ್ಟುಕೊಂಡೇ ಓದಿ.

ಮುಂಗೈಗೆ ಆರ್ಟಿಸ್ಟ್ ಅಲ್ಲೇ ಪಾರದರ್ಶಕ ಫಿಲ್ಮ್ ಅಂಟಿಸಿ ಕಳಿಸಿದರು. ಇದು ತೆಳುವಾದ ಪಾಲಿಯುರೆಥೇನ್ ಹಾಳೆ. ಹೊರಗಿನ ನೀರು ಒಳಗೆ ಬರಲ್ಲ, ಒಳಗಿನ ಆವಿ ಸ್ವಲ್ಪ ಸ್ವಲ್ಪ ಹೊರಗೆ ಹೋಗುತ್ತದೆ. ರಾತ್ರಿ ಮಲಗುವ ಹೊತ್ತಿಗೆ ಫಿಲ್ಮ್ ಕೆಳಗೆ ಇಂಕು, ರಕ್ತ, ರಸಿಕೆ ಸೇರಿ ಕಪ್ಪನೆಯ ನೀರು ನಿಂತಿತ್ತು. ಬೆರಳಲ್ಲಿ ಒತ್ತಿದರೆ ಆ ಕಡೆ ಈ ಕಡೆ ಓಡಾಡುತ್ತಿತ್ತು. ಬಣ್ಣವೆಲ್ಲ ಹರಿದು ಹೋಯಿತು ಅಂತ ಗಾಬರಿ ಬೇಡ, ಅದು ಹೆಚ್ಚಾದ ಇಂಕು. ಆದರೆ ಆ ನೀರು ಅಂಚಿನಿಂದ ಸೋರಿದರೆ ಫಿಲ್ಮ್ ತೆಗೆದು, ತೊಳೆದು, ಹೊಸದು ಹಾಕಬೇಕು. ಸೋರಿದ ದಾರಿಯಲ್ಲೇ ಕೊಳೆ ಒಳಗೆ ಹೋಗುತ್ತದೆ.

ದಿನಾ ಸಿಲ್ಕ್ ಬೋರ್ಡ್ ದಾಟಿ ಸ್ಕೂಟರ್‌ನಲ್ಲಿ ಓಡಾಡುವವರಿಗೆ ಫಿಲ್ಮ್ ದೊಡ್ಡ ವರ. ಧೂಳು, ಹೊಗೆ ಯಾವುದೂ ತಾಗಲ್ಲ. ಸ್ನಾನ ನಿರಾಳ, ಹಾಸಿಗೆಗೆ ಕಲೆ ಇಲ್ಲ. ಹಕ್ಕಳೆ ಕೂಡ ದಪ್ಪ ಕಟ್ಟಲಿಲ್ಲ. ತೊಂದರೆ ಬಂದದ್ದು ಅಂಟಿನಿಂದ. ಏಪ್ರಿಲ್ ಬಿಸಿಲಿಗೆ ಒಳಗೆ ಬೆವರು ಕೂತು, ಫಿಲ್ಮ್‌ನ ಅಂಚು ಎಲ್ಲಿತ್ತೋ ಅದೇ ಗೆರೆಯಲ್ಲಿ ಚೌಕಾಕಾರಕ್ಕೆ ಕೆಂಪು ಗುಳ್ಳೆ ಎದ್ದವು. ಟ್ಯಾಟೂ ಚೆನ್ನಾಗಿಯೇ ಇತ್ತು, ಸುತ್ತಲಿನ ಚರ್ಮ ತುರಿಕೆಯಿಂದ ಹುಚ್ಚು ಹಿಡಿಸಿತು. ತೆಗೆದ ಮೇಲೆ ತಾನಾಗಿ ಇಳಿಯಿತು. ತೆಗೆಯುವಾಗ ಉಗುರು ಬೆಚ್ಚಗಿನ ನೀರಿನ ಕೆಳಗೆ ಕೈ ಹಿಡಿದು, ಫಿಲ್ಮನ್ನು ಚರ್ಮದ ಗುಂಟ ನಿಧಾನವಾಗಿ ಹಿಗ್ಗಿಸಿ. ಮೇಲಕ್ಕೆ ಎಳೆದರೆ ಹೊಸ ಚರ್ಮವೂ ಜೊತೆಗೆ ಬಂದೀತು. ಬ್ಯಾಂಡೇಜ್ ಅಂಟು ಯಾವತ್ತಾದರೂ ನಿಮಗೆ ಆಗದೆ ಇದ್ದಿದ್ದರೆ ಫಿಲ್ಮ್ ತಂಟೆಗೆ ಹೋಗಲೇಬೇಡಿ.

ಭುಜಕ್ಕೆ ಸುವಾಸನೆ ಇಲ್ಲದ ಸಾದಾ ಲೋಷನ್. ಕೈ ತೊಳೆದುಕೊಂಡು, ವಾಸನೆ ಇಲ್ಲದ ಸೋಪಿನಲ್ಲಿ ಟ್ಯಾಟೂ ತೊಳೆದು, ಟಿಶ್ಯೂ ಒತ್ತಿ ಒಣಗಿಸಿ, ಆಮೇಲೆ ಚೂರೇ ಚೂರು ಹಚ್ಚಬೇಕು. ಚರ್ಮ ಹೊಳೆಯುತ್ತಿದೆ ಅಂದ್ರೆ ಜಾಸ್ತಿ ಆಯಿತು ಅಂತಲೇ ಅರ್ಥ. ಸಿಪ್ಪೆ ಏಳುವಾಗ ಇಂಕಿನ ಬಣ್ಣದ ಪುಟ್ಟ ಪುಟ್ಟ ಚೂರು ಶರ್ಟಿನೊಳಗೆ ಉದುರುತ್ತವೆ, ತುರಿಕೆ ತಡೆಯೋಕಾಗಲ್ಲ. ಉಗುರು ಹಾಕದೆ ಅಂಗೈಯಲ್ಲಿ ಮೆಲ್ಲಗೆ ತಟ್ಟಿದೆ. ಬ್ಯಾಗಿನ ಪಟ್ಟಿ ಉಜ್ಜಬಾರದು ಅಂತ ಮೆಟ್ರೋದಲ್ಲೂ ಬ್ಯಾಗ್ ಕೈಯಲ್ಲೇ. ಕೆಲಸ ಜಾಸ್ತಿ, ನಿಜ. ಆದರೆ ಚರ್ಮ ದಿನಾ ಕಣ್ಣಿಗೆ ಕಾಣುತ್ತದೆ. ಕೆಂಪು ಇಳಿಯುತ್ತಿದೆಯೋ ಏರುತ್ತಿದೆಯೋ ಗೊತ್ತಾಗುತ್ತದೆ. ನನಗೆ ಇದೇ ಎಲ್ಲಕ್ಕಿಂತ ಮುಖ್ಯ.

ಮೀನಖಂಡಕ್ಕೆ ಅಮ್ಮನ ಮಾತಿನಂತೆ ಕೊಬ್ಬರಿ ಎಣ್ಣೆ. "ಎಣ್ಣೆ ಹಚ್ಚೋ, ಅದಕ್ಕಿಂತ ಮದ್ದು ಬೇಕಾ?" ಅಂದರು. ಮೊದಲ ದಿನಗಳಲ್ಲಿ ಅದು ಸರಿ ಬರಲಿಲ್ಲ. ಪ್ಯಾಂಟಿನ ನೂಲು, ರಸ್ತೆ ಧೂಳು ಎಲ್ಲ ಅಂಟಿಕೊಂಡವು, ಕೂದಲ ಬುಡದಲ್ಲಿ ಸಣ್ಣ ಗುಳ್ಳೆ ಬಂದವು. ಸಿಪ್ಪೆ ಪೂರ್ತಿ ಉದುರಿದ ಮೇಲೆ ಅದೇ ಎಣ್ಣೆ ಎಷ್ಟು ಹಿತ ಅಂತೀರಿ! ಚಳಿಗಾಲದ ಒಣ ಚರ್ಮಕ್ಕೆ ಈಗಲೂ ಅದನ್ನೇ ಹಚ್ಚುತ್ತೇನೆ. ಅರಿಶಿನ ಮಾತ್ರ ಬೇಡ ಅಂದೆ. ಅಡುಗೆಮನೆ ಡಬ್ಬಿಯ ಪುಡಿ ತೆರೆದ ಗಾಯಕ್ಕೆ ಸಲ್ಲದು.

ಪೆಟ್ರೋಲಿಯಂ ಜೆಲ್ಲಿಯನ್ನು ನಾನು ಲೆಕ್ಕಕ್ಕೇ ಇಟ್ಟಿರಲಿಲ್ಲ. ದಪ್ಪಗೆ ಬಳಿದರೆ ಒದ್ದೆ ಒಳಗೇ ಉಳಿದು ಹಕ್ಕಳೆ ಮೆತ್ತಗಾಗುತ್ತದೆ. ಆದರೆ ಗಾಂಧಿ ಬಜಾರಿನಲ್ಲಿ ಒತ್ತೊತ್ತಾಗಿ ನಿಂತ ಬೈಕುಗಳ ನಡುವೆ ನನ್ನದನ್ನು ಎಳೆಯುವಾಗ ಪಕ್ಕದ ಬೈಕಿನ ಫುಟ್‌ರೆಸ್ಟ್ ತಾಗಿ, ಮೀನಖಂಡದ ಟ್ಯಾಟೂ ಒಂದು ಕಡೆ ತರಚಿ ರಕ್ತ ಬಂತು. ಹಸಿ ಗಾಯಕ್ಕೆ ಲೋಷನ್ ಉರಿಯಿತು, ಎಣ್ಣೆ ನಿಲ್ಲಲಿಲ್ಲ. ಸೋಪು ನೀರಲ್ಲಿ ತೊಳೆದು, ತೆಳುವಾಗಿ ಜೆಲ್ಲಿ ಸವರಿ, ಗಾಯಕ್ಕೆ ಅಂಟದ ಡ್ರೆಸಿಂಗ್ ಹಾಕಿ ದಿನಾ ಬದಲಾಯಿಸಿದೆ. ಅಲ್ಲಿ ಗೆದ್ದದ್ದು ಜೆಲ್ಲಿಯೇ. ಬಣ್ಣ ಒಂದಿಷ್ಟು ಮಾಸಿದೆ, ಚರ್ಮ ಪೂರ್ತಿ ಗಟ್ಟಿಯಾದ ಮೇಲೆ ಟಚ್‌ಅಪ್ ಮಾಡಿಸಬೇಕು.

ಆಂಟಿಬಯೋಟಿಕ್ ಮುಲಾಮನ್ನು ನಾನು ಹಚ್ಚಿಲ್ಲ. ಮೆಡಿಕಲ್ ಶಾಪಿನಲ್ಲಿ ಕೇಳದೆಯೇ ಕೊಡುತ್ತಾರೆ, ಅದಕ್ಕೇ ಹೇಳುತ್ತಿದ್ದೇನೆ. ಇಂಥ ಹಲವು ಮುಲಾಮುಗಳಲ್ಲಿರುವ ನಿಯೋಮೈಸಿನ್ ತುಂಬ ಜನರ ಚರ್ಮಕ್ಕೆ ಅಲರ್ಜಿ. ಚರ್ಮಕ್ಕೆ ತಾಗಿ ಆಗುವ ಅಲರ್ಜಿಯನ್ನು ನೋಡುವ ಅಮೆರಿಕದ ಕಾಂಟ್ಯಾಕ್ಟ್ ಡರ್ಮಟೈಟಿಸ್ ಸೊಸೈಟಿ 2010ರಲ್ಲಿ ಅದನ್ನೇ ವರ್ಷದ ಅಲರ್ಜಿಕಾರಕ ಅಂತ ಹೆಸರಿಸಿತು. ನಮ್ಮಲ್ಲಿ ಮನೆಮಾತಾದ ಸೋಫ್ರಾಮೈಸಿನ್ ಮುಲಾಮಿನಲ್ಲಿರುವ ಫ್ರಾಮೈಸೆಟಿನ್ ಕೂಡ ಅದೇ ಜಾತಿ. ಅಲರ್ಜಿಯಾದರೆ ಕೆಂಪಾಗಿ ತುರಿಸುತ್ತದೆ. ನಂಜಾಯಿತು ಅಂದುಕೊಂಡು ಜನ ಇನ್ನೂ ಹಚ್ಚುತ್ತಾರೆ. ಕೆಂಪು ದಿನೇ ದಿನೇ ಹರಡಿದರೆ, ನೋವು ಏರಿದರೆ, ಕೀವು ಅಥವಾ ಜ್ವರ ಬಂದರೆ ನೇರ ಚರ್ಮದ ಡಾಕ್ಟರ ಹತ್ತಿರ ಹೋಗಿ. ತಿಂಗಳುಗಳಾದ ಮೇಲೆ ಕೆಂಪು ಇಂಕಿನ ಭಾಗ ಮಾತ್ರ ಉಬ್ಬಿ ತುರಿಸಿದರೂ ಅಷ್ಟೇ.

ಮುಂದಿನ ಟ್ಯಾಟೂ ಬೆನ್ನಿಗೆ, ಡಿಸೆಂಬರಿನಲ್ಲಿ. ಮೊದಲ ರಾತ್ರಿಗೆ ಮಾತ್ರ ಫಿಲ್ಮ್, ಬೆಳಗ್ಗೆಯಿಂದ ಲೋಷನ್. ಕೈಗೆಟುಕದ ಜಾಗಕ್ಕೆ ಹಚ್ಚಿಕೊಡಲು ತಂಗಿಯನ್ನು ಈಗಲೇ ಒಪ್ಪಿಸಿದ್ದೇನೆ.