8 ಎಸ್–800 ಕೆವಿ, 6 ಎಸ್–1100 ಕೆವಿ: ಮಲೆನಾಡಿನ ಏರಿಗೆ ಯಾವ ಜೋಡಿ?

ನಿಜವಾದ ಗಾಡಿಯ ಐದನೇ ಒಂದರಷ್ಟು ಅಳತೆಯ ಎಲೆಕ್ಟ್ರಿಕ್ ಆರ್‌ಸಿ (ರಿಮೋಟಿನಿಂದ ಓಡಿಸುವ) ಟ್ರಕ್ಕನ್ನು ಬಿಡಿಭಾಗಗಳಿಂದ ಕಟ್ಟಲು ಹೊರಟವರಿಗೆ ಮೊದಲು ಎದುರಾಗುವುದು ಮೋಟಾರು ಮತ್ತು ಬ್ಯಾಟರಿಯ ಜೋಡಿ ಯಾವುದಿರಬೇಕೆಂಬ ಪ್ರಶ್ನೆ. 8 ಎಸ್, 6 ಎಸ್ ಎಂಬುದು ಬ್ಯಾಟರಿಯಲ್ಲಿ ಸರಣಿಯಾಗಿ ಜೋಡಿಸಿದ ಸೆಲ್ಲುಗಳ ಸಂಖ್ಯೆ, 800 ಮತ್ತು 1100 ಕೆವಿ ಎಂಬುದು ಮೋಟಾರಿನ ವೇಗದ ಅಳತೆ. ಚಿಕ್ಕಮಗಳೂರಿನಿಂದ ಆಲ್ದೂರಿನ ಕಡೆಗಿರುವ ಕಾಫಿ ತೋಟವೊಂದರಲ್ಲಿ ನಾನು ಒಂದೇ ಟ್ರಕ್ಕಿಗೆ ಎರಡು ಜೋಡಿಗಳನ್ನು ಬದಲಿಸಿ ಬದಲಿಸಿ ಹಾಕಿ ಓಡಿಸಿ ನೋಡಿದ್ದೇನೆ. ಅದರ ಜೊತೆಗೇ ಪಿನಿಯನ್ ಗಿಯರು (ಮೋಟಾರಿನ ಶಾಫ್ಟಿಗೆ ಹಾಕುವ ಚಿಕ್ಕ ಗಿಯರು), ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಬಲ ಹಂಚುವ ನಡುವಿನ ಡಿಫರೆನ್ಷಿಯಲ್ಲಿನ ಎಣ್ಣೆ, ಚಾಸಿಯ ತಳಕ್ಕೆ ಹಾಕುವ ಹಲಗೆ ಇವುಗಳನ್ನೂ ಹೋಲಿಸಿದ್ದೇನೆ. ನಮ್ಮ ನೆಲದಲ್ಲಿ ಗೆಲುವು ಸೋಲುಗಳನ್ನು ತೀರ್ಮಾನಿಸುವುದು ಗರಿಷ್ಠ ವೇಗವಲ್ಲ, ನಿಧಾನವಾಗಿ ಏರು ಹತ್ತುವಾಗ ಹುಟ್ಟುವ ಬಿಸಿ ಎಂಬುದು ನನಗೆ ಸ್ಪಷ್ಟವಾಗಿದೆ, ಈ ಹೋಲಿಕೆಯೆಲ್ಲ ಅದರ ಸುತ್ತಲೇ ಇದೆ.

ಸಿದ್ಧ ಗಾಡಿಯನ್ನೇ ಕೊಳ್ಳಬಹುದಲ್ಲವೇ ಎಂದು ಕೇಳುವವರಿದ್ದಾರೆ. ಟ್ರಾಕ್ಸಸ್ ಕಂಪನಿಯ ಎಕ್ಸ್-ಮ್ಯಾಕ್ಸ್, ಆರ್ಮಾದ ಕ್ರೇಟನ್ 8 ಎಸ್ ಎರಡೂ ಒಳ್ಳೆಯ ಗಾಡಿಗಳೇ, ಎರಡಕ್ಕೂ ಎರಡೆರಡು 4 ಎಸ್ ಬ್ಯಾಟರಿಗಳನ್ನು ಹಾಕಿ ಒಟ್ಟು 8 ಎಸ್‌ನಲ್ಲಿ ಓಡಿಸಬಹುದು. ಆದರೆ ಅವುಗಳ ಗುಣ ಬಯಲಿನ ಓಟಕ್ಕೆ, ನೆಗೆತಕ್ಕೆ ಹೊಂದುವಂಥದ್ದು. ತೋಟದಲ್ಲಿ ನಮಗಿರುವುದು ಕಾಫಿ ಒಣಗಿಸುವ ಕಣದ ಸಿಮೆಂಟು ನೆಲ, ಅಲ್ಲಿಂದ ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ಮನೆಗೆ ಏರುವ ಇಳಿಜಾರು, ಅದರಾಚೆಗೆ ಜೀಪಿನ ಚಕ್ರಗಳು ಎರಡು ಕಾಲುವೆಗಳನ್ನೇ ಕೊರೆದಿರುವ, ಸಿಲ್ವರ್ ಓಕ್ ಎಲೆಗಳು ದಪ್ಪನಾಗಿ ಹಾಸಿರುವ ಕೆಂಪು ಮಣ್ಣಿನ ದಾರಿ. ಇಂಥ ದಾರಿಗೆ ಬೇಕಾದ ಎತ್ತರ, ಅಗಲ, ಗಿಯರು ಎಲ್ಲವನ್ನೂ ನಾವೇ ನಿರ್ಧರಿಸಬೇಕೆಂದರೆ ಕಟ್ಟಿಕೊಳ್ಳುವುದೇ ದಾರಿ. ನನ್ನ ಟ್ರಕ್ಕಿನ ಡಿಫರೆನ್ಷಿಯಲ್ಲು, ಆರ್ಮು, ಶಾಕುಗಳು ಪೆಟ್ರೋಲ್ ಎಂಜಿನ್ನಿನ ದೊಡ್ಡ ಟ್ರಕ್ಕುಗಳಿಗೆಂದು ಸಿಗುವ ಬಿಡಿಭಾಗಗಳು, ಚಾಸಿ ಮತ್ತು ಮೋಟಾರ್ ಮೌಂಟು ಚಿಕ್ಕಮಗಳೂರಿನ ಲೇತ್ ಅಂಗಡಿಯಲ್ಲಿ ತಯಾರಾದವು. ಬ್ಯಾಟರಿ ಸೇರಿ ತೂಕ ಸುಮಾರು 16 ಕಿಲೋ, ಚಕ್ರದ ವ್ಯಾಸ 190 ಮಿಲಿಮೀಟರ್.

ಈಗ ಜೋಡಿಗಳ ಮಾತಿಗೆ ಬರೋಣ. ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿಯ ಒಂದು ಸೆಲ್ಲಿನ ನಾಮಮಾತ್ರ ವೋಲ್ಟೇಜು 3.7, ಪೂರ್ತಿ ತುಂಬಿದಾಗ 4.2. ಆದ್ದರಿಂದ 8 ಎಸ್ ಎಂದರೆ 29.6 ವೋಲ್ಟು, 6 ಎಸ್ ಎಂದರೆ 22.2 ವೋಲ್ಟು. ಕೆವಿ ಎಂಬುದು ಹೊರೆಯಿಲ್ಲದೆ ಒಂದು ವೋಲ್ಟಿಗೆ ಮೋಟಾರು ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂಬ ಲೆಕ್ಕ. ಕ್ಯಾಸಲ್ ಕಂಪನಿಯ 2028 ಸರಣಿಯಲ್ಲಿ 800 ಮತ್ತು 1100 ಕೆವಿಯ ಮೋಟಾರುಗಳೆರಡೂ ಇವೆ, ಎರಡಕ್ಕೂ 8 ಮಿಲಿಮೀಟರಿನ ಶಾಫ್ಟು, ಹೊರ ಅಳತೆಯೂ ಒಂದೇ, ಬದಲಾಗಿರುವುದು ಒಳಗಿನ ತಂತಿಯ ಸುತ್ತು. 800 ಕೆವಿಯನ್ನು 8 ಎಸ್‌ಗೆ ಜೋಡಿಸಿದರೆ ನಿಮಿಷಕ್ಕೆ 23,680 ಸುತ್ತು, 1100 ಕೆವಿಯನ್ನು 6 ಎಸ್‌ಗೆ ಜೋಡಿಸಿದರೆ 24,420 ಸುತ್ತು. ವ್ಯತ್ಯಾಸ ನೂರಕ್ಕೆ ಮೂರರಷ್ಟು ಮಾತ್ರ. ಗಿಯರು ಬದಲಿಸದೆ ಎರಡನ್ನೂ ನೇರವಾಗಿ ಹೋಲಿಸಲು ಇದಕ್ಕಿಂತ ನ್ಯಾಯವಾದ ಜೋಡಿ ಸಿಗುವುದಿಲ್ಲ. ಬ್ಯಾಟರಿಯಲ್ಲೂ ಅನ್ಯಾಯವಾಗದಂತೆ 8 ಎಸ್‌ಗೆ 5000 ಎಂಎಎಚ್, 6 ಎಸ್‌ಗೆ 6700 ಎಂಎಎಚ್ ಪ್ಯಾಕುಗಳನ್ನು ಇಟ್ಟುಕೊಂಡಿದ್ದೆ, ಎರಡರಲ್ಲೂ ತುಂಬುವ ಶಕ್ತಿ ಸುಮಾರು 148 ವ್ಯಾಟ್-ಅವರ್.

ಸಿಮೆಂಟು ಕಣದ ಮೇಲೆ ಓಡಿಸಿದರೆ ಯಾವುದು ಯಾವ ಜೋಡಿ ಎಂದು ಕಣ್ಣಿಗೆ ಗೊತ್ತಾಗುವುದೇ ಇಲ್ಲ. ಓಟವೂ ಒಂದೇ, ಬ್ರೇಕೂ ಒಂದೇ. ಪಲ್ಪರ್ ಮನೆಯ ಏರಿಗೆ ತಂದು ನಿಲ್ಲಿಸಿ, ಅರ್ಧ ಥ್ರಾಟಲ್‌ನಲ್ಲಿ ಮತ್ತೆ ಮತ್ತೆ ಹತ್ತಿಸಿದಾಗ ಬೇರೆ ಚಿತ್ರ ಕಾಣುತ್ತದೆ. 20 ಡಿಗ್ರಿ ಏರಿನಲ್ಲಿ 16 ಕಿಲೋ ಗಾಡಿಯನ್ನು ಎತ್ತಿ ಹಿಡಿಯುವುದಕ್ಕೇ ಸುಮಾರು 54 ನ್ಯೂಟನ್ ಬಲ ಬೇಕು. 20 ಹಲ್ಲಿನ ಪಿನಿಯನ್ ಇದ್ದಾಗ ನನ್ನ ಟ್ರಕ್ಕಿನ ಒಟ್ಟು ಗಿಯರ್ ಅನುಪಾತ 9.6. ಅದರಂತೆ ಲೆಕ್ಕ ಹಾಕಿದರೆ ಈ ಬಲಕ್ಕಾಗಿ 800 ಕೆವಿ ಮೋಟಾರು ಸುಮಾರು 45 ಆಂಪಿಯರ್ ಎಳೆಯುತ್ತದೆ, 1100 ಕೆವಿ ಮೋಟಾರು 61 ಆಂಪಿಯರ್ ಎಳೆಯುತ್ತದೆ. ಎಲೆರಾಶಿಯ ತಡೆ, ಕೆಸರಿನ ತಡೆ ಇದರ ಮೇಲಿನದು.

ಇಲ್ಲಿ ಬಹಳ ಜನ ಹೇಳುವ ಒಂದು ಮಾತನ್ನು ತಿದ್ದಬೇಕಾಗಿದೆ. ಹೆಚ್ಚು ಕೆವಿಯ ಮೋಟಾರು ಹೆಚ್ಚು ಬಿಸಿಯಾಗುತ್ತದೆ ಎಂಬ ಮಾತು ಒಂದೇ ಅಳತೆಯ ಎರಡು ಮೋಟಾರುಗಳ ಮಟ್ಟಿಗೆ ನಿಜವಲ್ಲ. 1100 ಕೆವಿಯಲ್ಲಿ ಸುತ್ತುಗಳು ಕಡಿಮೆ, ತಂತಿ ದಪ್ಪ, ಆದ್ದರಿಂದ ಅದರ ಒಳರೋಧ ಕಡಿಮೆ. ಹೆಚ್ಚು ಆಂಪಿಯರ್ ಹರಿದರೂ ಅಷ್ಟೇ ಬಲಕ್ಕೆ ಅಷ್ಟೇ ಬಿಸಿ ಹುಟ್ಟುತ್ತದೆ. ನಾನು ಅವಗೆಂಪು ಥರ್ಮಾಮೀಟರ್ ಹಿಡಿದು ನೋಡಿದಾಗಲೂ ಏರಿನ ತುದಿಯಲ್ಲಿ ಎರಡು ಮೋಟಾರುಗಳ ಮೈ ಹೆಚ್ಚೂ ಕಡಿಮೆ ಒಂದೇ ಬಿಸಿಯಲ್ಲಿದ್ದವು. ವ್ಯತ್ಯಾಸ ಕಂಡದ್ದು ಮೋಟಾರಿನ ಹೊರಗೆ. ಮೋಟಾರಿನ ವೇಗ ನಿಯಂತ್ರಿಸುವ ಇಎಸ್‌ಸಿಯ ಬೆನ್ನು, ಮೋಟಾರಿಗೆ ಹೋಗುವ ಮೂರು ತಂತಿಗಳು, ಬ್ಯಾಟರಿಯ ಕನೆಕ್ಟರು ಇವು 6 ಎಸ್‌ನಲ್ಲಿ ಸ್ಪಷ್ಟವಾಗಿ ಹೆಚ್ಚು ಕಾಯ್ದಿದ್ದವು. ತಂತಿಯ ರೋಧ ಎರಡಕ್ಕೂ ಒಂದೇ ಆಗಿರುವಾಗ 45ರ ಬದಲು 61 ಆಂಪಿಯರ್ ಹರಿದರೆ ಅಲ್ಲಿ ಹುಟ್ಟುವ ಬಿಸಿ ಸುಮಾರು 1.9 ಪಟ್ಟಾಗುತ್ತದೆ. ಪೂರ್ತಿ ಥ್ರಾಟಲ್‌ನಲ್ಲಿ ಬ್ಯಾಟರಿಯ ಕಡೆಗೂ ಇದೇ ಕಥೆ: 3000 ವ್ಯಾಟ್ ಬೇಕೆಂದರೆ 8 ಎಸ್ ಸುಮಾರು 101 ಆಂಪಿಯರ್ ಕೊಟ್ಟರೆ ಸಾಕು, 6 ಎಸ್ 135 ಕೊಡಬೇಕು. ಹಾಗೆ ಕೊಡುವಾಗ ವೋಲ್ಟೇಜು ಕುಸಿಯುತ್ತದೆ, ಸೆಲ್ಲಿಗೆ 3.4 ವೋಲ್ಟಿಗೆ ಇಳಿದಾಗ ಗಾಡಿ ತಾನೇ ನಿಲ್ಲುವಂತೆ ಕಟಾಫ್ ಇಟ್ಟುಕೊಂಡಿದ್ದರೆ ಬ್ಯಾಟರಿಯಲ್ಲಿ ಇನ್ನೂ ಶಕ್ತಿಯಿರುವಾಗಲೇ ಗಾಡಿ ಏರಿನ ಮಧ್ಯೆ ಸುಸ್ತಾಗಿ ನಿಲ್ಲುತ್ತದೆ. 6 ಎಸ್‌ನಲ್ಲಿ ಇದನ್ನು ನಾನು ಪದೇ ಪದೇ ಕಂಡೆ, 8 ಎಸ್‌ನಲ್ಲಿ ಬಹಳ ಅಪರೂಪ.

ಇನ್ನೊಂದು ಸಂಗತಿಯೂ ಲೆಕ್ಕಕ್ಕೆ ಬರಬೇಕು. ನಮ್ಮ ತೋಟಗಳು ಸಮುದ್ರ ಮಟ್ಟದಿಂದ ಸುಮಾರು 1000 ಮೀಟರ್ ಎತ್ತರದಲ್ಲಿವೆ, ಅಲ್ಲಿ ಗಾಳಿಯ ಸಾಂದ್ರತೆ ಕರಾವಳಿಗಿಂತ ಹತ್ತನೇ ಒಂದರಷ್ಟು ಕಡಿಮೆ. ಎಂಜಿನ್ ಗಾಡಿಗೆ ಅದರಿಂದ ಬಲ ಕುಂದುತ್ತದೆ, ಎಲೆಕ್ಟ್ರಿಕ್ ಗಾಡಿಗೆ ಬಲ ಕುಂದದಿದ್ದರೂ ಫ್ಯಾನು ತಂಪು ಮಾಡುವ ಶಕ್ತಿ ಅಷ್ಟು ಕುಗ್ಗುತ್ತದೆ. ಡಿಸೆಂಬರಿನ ಬೆಳಗಿನ ಚಳಿಯಲ್ಲಿ ಇದು ಗೊತ್ತಾಗದು, ಏಪ್ರಿಲ್ ಮಧ್ಯಾಹ್ನ ಗೊತ್ತಾಗುತ್ತದೆ.

ಜೋಡಿಗಿಂತಲೂ ಹೆಚ್ಚು ಪರಿಣಾಮ ಬೀರಿದ್ದು ಪಿನಿಯನ್. ಪಿನಿಯನ್ ತಿರುಗಿಸುವ 58 ಹಲ್ಲಿನ ದೊಡ್ಡ ಗಿಯರನ್ನು, ಅಂದರೆ ಸ್ಪರ್ ಗಿಯರನ್ನು, ಹಾಗೆಯೇ ಇಟ್ಟು 24, 20, 16 ಹಲ್ಲಿನ ಪಿನಿಯನ್‌ಗಳನ್ನು ಹಾಕಿ ನೋಡಿದೆ. 8 ಎಸ್–800 ಕೆವಿಯಲ್ಲಿ ಹೊರೆಯಿಲ್ಲದ ಲೆಕ್ಕದ ವೇಗ ಕ್ರಮವಾಗಿ ಗಂಟೆಗೆ 106, 88, 71 ಕಿಲೋಮೀಟರ್. ಅದೇ ಏರಿಗೆ ಬೇಕಾಗುವ ಆಂಪಿಯರ್ ಸುಮಾರು 54, 45, 36. ಬಿಸಿ ಆಂಪಿಯರಿನ ವರ್ಗದಂತೆ ಏರುವುದರಿಂದ 24 ಹಲ್ಲಿನಿಂದ 16 ಹಲ್ಲಿಗೆ ಇಳಿದರೆ ಮೋಟಾರಿನ ತಾಮ್ರದಲ್ಲಿ ಹುಟ್ಟುವ ಬಿಸಿ ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ, ಸರಿಯಾಗಿ ಹೇಳುವುದಾದರೆ 2.25ರಲ್ಲಿ ಒಂದು ಪಾಲಾಗುತ್ತದೆ. ಸಾವಿರಾರು ರೂಪಾಯಿ ಕೊಟ್ಟು ದೊಡ್ಡ ಇಎಸ್‌ಸಿ ಕೊಳ್ಳುವ ಮೊದಲು ಕೆಲವು ನೂರು ರೂಪಾಯಿಯ ಚಿಕ್ಕ ಪಿನಿಯನ್ ಹಾಕಿ ನೋಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ತೋಟದ ದಾರಿಯಲ್ಲಿ 71 ಕಿಲೋಮೀಟರ್ ವೇಗವೂ ಬಳಕೆಗೆ ಬರುವುದಿಲ್ಲ.

ಪಿನಿಯನ್ ಬದಲಿಸಬೇಕೆಂದರೆ ಮೋಟಾರು ಜರುಗಬೇಕು. ಮಾಡ್ಯೂಲ್ 1.5ರ ಗಿಯರಿನಲ್ಲಿ ಒಂದು ಹಲ್ಲಿಗೆ ಮುಕ್ಕಾಲು ಮಿಲಿಮೀಟರ್, 16ರಿಂದ 24ರವರೆಗೆ ಒಟ್ಟು 6 ಮಿಲಿಮೀಟರ್ ಜಾಗ ಬೇಕು. ಮೌಂಟಿನ ನಕ್ಷೆ ಕೊಟ್ಟಾಗ ಲೇತ್ ಅಂಗಡಿಯವರು ಅದನ್ನು ಬೆರಳಿನಿಂದ ಅಳೆದು, "ಸಾರ್, ಸ್ಲಾಟ್ ಇಷ್ಟುದ್ದ ಬಿಟ್ರೆ ಬೋಲ್ಟಿಗೆ ಹಿಡಿತ ಸಾಲಲ್ಲ, ಹಿಂದ್ಗಡೆ ಒಂದು ಪಟ್ಟಿ ಕೊಟ್ಬಿಡೋಣ" ಎಂದರು. ಆ ಪಟ್ಟಿ ಇರುವುದರಿಂದಲೇ ಇಷ್ಟು ಭಾರದ ಮೋಟಾರು ಇಂದಿಗೂ ಒಂದು ಕೂದಲೆಳೆಯಷ್ಟೂ ಜರುಗಿಲ್ಲ. ಹಲ್ಲುಗಳ ನಡುವಿನ ಸಂದು ಹೊಂದಿಸಲು ನಾನು ಬಳಸುವುದು ದಪ್ಪ ಕಾಗದದ ಪಟ್ಟಿ: ಎರಡು ಗಿಯರುಗಳ ನಡುವೆ ಅದನ್ನು ಸಿಕ್ಕಿಸಿ, ಮೋಟಾರನ್ನು ಒತ್ತಿ ಹಿಡಿದು ಬೋಲ್ಟು ಬಿಗಿದು, ಆಮೇಲೆ ಸ್ಪರನ್ನು ಕೈಯಿಂದ ತಿರುಗಿಸಿ ಪಟ್ಟಿಯನ್ನು ಹೊರಗೆ ಬಿಡಬೇಕು. ಪಟ್ಟಿ ಹರಿಯದೆ ಸಮನಾದ ನೆರಿಗೆ ಹೊತ್ತು ಹೊರಬಂದರೆ ಸಂದು ಸರಿಯಿದೆ, ನೆರಿಗೆಯ ಅಂಚಿನಲ್ಲಿ ಕಾಗದ ಕತ್ತರಿಸಿದ್ದರೆ ಬಿಗಿ ಹೆಚ್ಚಾಗಿದೆ. ಸ್ಪರನ್ನು ಪೂರ್ತಿ ಒಂದು ಸುತ್ತು ತಿರುಗಿಸಿ ನಾಲ್ಕೈದು ಕಡೆ ಹೀಗೆ ನೋಡಬೇಕು, ಏಕೆಂದರೆ ಯಾವ ಸ್ಪರೂ ಪೂರ್ತಿ ದುಂಡಗಿರುವುದಿಲ್ಲ.

ನಡುವಿನ ಡಿಫರೆನ್ಷಿಯಲ್ಲಿಗೆ ಹಾಕುವ ಸಿಲಿಕಾನ್ ಎಣ್ಣೆಯಲ್ಲಿ 30 ಸಾವಿರ, 1 ಲಕ್ಷ, 5 ಲಕ್ಷ ಸೆಂಟಿಸ್ಟೋಕಿನ ಮೂರು ಗಾಢತೆಗಳನ್ನು ಹೋಲಿಸಿದೆ. 30 ಸಾವಿರದ ಎಣ್ಣೆಯಲ್ಲಿ ಏರು ಶುರುವಾಗುವ ಜಾಗದಲ್ಲಿ ಮುಂದಿನ ಚಕ್ರಗಳು ಹಗುರವಾದ ಕೂಡಲೇ ಬಲವೆಲ್ಲ ಅತ್ತ ಓಡಿ, ಟೈರುಗಳು ಗಾಳಿಯಲ್ಲಿ ಉಬ್ಬಿಕೊಂಡು ತಿರುಗುತ್ತವೆ, ಗಾಡಿ ಮಾತ್ರ ನಿಂತಲ್ಲೇ ನಿಂತಿರುತ್ತದೆ. 5 ಲಕ್ಷದಲ್ಲಿ ಆ ತೊಂದರೆಯಿಲ್ಲ, ಏರನ್ನು ಅದು ಹತ್ತುವ ರೀತಿ ನೋಡಲು ನಿಜಕ್ಕೂ ಚೆನ್ನ. ಆದರೆ ಸಿಮೆಂಟು ಕಣದಲ್ಲಿ ತಿರುಗಿಸುವಾಗ ಮುಂದಿನ ಮತ್ತು ಹಿಂದಿನ ಚಕ್ರಗಳು ಒಂದಕ್ಕೊಂದು ಸೆಣಸುತ್ತವೆ, ಆ ಸೆಣಸಾಟದ ಪೆಟ್ಟು ಡ್ರೈವ್ ಶಾಫ್ಟುಗಳ ಮೇಲೆ ಬೀಳುತ್ತದೆ, ಥ್ರಾಟಲ್ ಸ್ವಲ್ಪ ಜೋರಾಗಿ ಒತ್ತಿದರೂ ಮೂತಿ ಮೇಲೇಳುತ್ತದೆ. 1 ಲಕ್ಷದ ಎಣ್ಣೆ ಎರಡೂ ನೆಲಕ್ಕೆ ಒಗ್ಗಿತು, ಅದನ್ನೇ ಉಳಿಸಿಕೊಂಡಿದ್ದೇನೆ. ತೋಟದೊಳಗೆ ಮಾತ್ರ ಓಡಿಸುವವರಾದರೆ 5 ಲಕ್ಷವನ್ನೇ ಹಾಕಿ ಎನ್ನುತ್ತೇನೆ.

ಚಾಸಿಯ ತಳದ ಬಗ್ಗೆ ಹೆಚ್ಚು ಹೇಳುವುದಿಲ್ಲ. 6061 ಅಲ್ಯೂಮಿನಿಯಮ್ಮಿನ 5 ಮಿಲಿಮೀಟರ್ ಹಲಗೆ ಸಾಕು, 7075 ಇನ್ನೂ ಗಟ್ಟಿಯಾದರೂ ಬೆಲೆ ಹೆಚ್ಚು, ನಮ್ಮ ಕಡೆ ಸುಲಭವಾಗಿ ಸಿಗುವುದಿಲ್ಲ. ತಳಕ್ಕೆ ಎಚ್‌ಡಿಪಿಇ ಪ್ಲಾಸ್ಟಿಕ್ ಹಾಳೆಯೊಂದನ್ನು ಬೋಲ್ಟ್ ಮಾಡಿದರೆ ಗಾಡಿ ಬೇರು ಮತ್ತು ಬಂಡೆಗಳ ಮೇಲೆ ಸರಾಗವಾಗಿ ಜಾರುತ್ತದೆ, ಬರಿಯ ಅಲ್ಯೂಮಿನಿಯಮ್ ಕಚ್ಚಿಕೊಂಡು ನಿಲ್ಲುತ್ತದೆ. ಟೈರುಗಳಲ್ಲಿ ಒಳಗೆ ಬೆಲ್ಟ್ ಇರುವವು ವೇಗದಲ್ಲಿ ಉಬ್ಬುವುದಿಲ್ಲ, ಬೆಲ್ಟ್ ಇಲ್ಲದವು ಎಲೆರಾಶಿಯಲ್ಲಿ ಮೆತ್ತಗೆ ಹಿಡಿಯುತ್ತವೆ. ಏರಿಗೆ ನಾನು ಬೆಲ್ಟ್ ಇಲ್ಲದವನ್ನೇ ಆರಿಸಿಕೊಂಡೆ.

8 ಎಸ್‌ಗೆ ಅದರದೇ ಆದ ಎಚ್ಚರಿಕೆಗಳಿವೆ. ಪ್ಲಗ್ ಸೇರಿಸುವಾಗ ಇಎಸ್‌ಸಿಯ ಕೆಪಾಸಿಟರುಗಳು ಒಮ್ಮೆಲೇ ತುಂಬಿಕೊಳ್ಳುವುದರಿಂದ ಕಿಡಿ ಹಾರಿ ಕನೆಕ್ಟರಿನ ತುದಿ ಕರಕಲಾಗುತ್ತದೆ. ಎಕ್ಸ್‌ಟಿ90-ಎಸ್ ಅಥವಾ ಕ್ಯೂಎಸ್8ನಂಥ, ಕಿಡಿ ತಡೆಯುವ ರೋಧಕವಿರುವ ಕನೆಕ್ಟರನ್ನೇ ಹಾಕಬೇಕು. ಎರಡು 4 ಎಸ್ ಪ್ಯಾಕುಗಳು ಒಟ್ಟಿಗೆ ಕೊಂಡವಾಗಿರಬೇಕು, ಒಟ್ಟಿಗೇ ಬಳಕೆಯಾಗಬೇಕು. ಒಂದು ಹಳತು ಒಂದು ಹೊಸತು ಎಂದು ಸರಣಿಯಲ್ಲಿ ಜೋಡಿಸಿದರೆ ದುರ್ಬಲವಾದದ್ದು ಮೊದಲು ಬರಿದಾಗಿ ಹಾಳಾಗುತ್ತದೆ. ಮಳೆಗಾಲದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಡಿ ಹೆಚ್ಚಾಗಿ ಮೂಲೆಯಲ್ಲೇ ಇರುವುದರಿಂದ ಸೆಲ್ಲಿಗೆ 3.8 ವೋಲ್ಟಿನಂತೆ ಇಳಿಸಿ, ಲೋಹದ ಪೆಟ್ಟಿಗೆಯಲ್ಲಿ, ಗೋಣಿಚೀಲಗಳಿಂದ ದೂರ ಇಡುತ್ತೇನೆ. ಮಾರ್ಚ್ ತಿಂಗಳಲ್ಲಿ ಒಣ ಎಲೆಯ ಮೇಲೆ ಗಾಡಿ ಬಿಟ್ಟಾಗ ಒಂದು ಕೊಡ ನೀರು ಪಕ್ಕದಲ್ಲೇ ಇರಲೇಬೇಕು, ಈ ವಿಷಯದಲ್ಲಿ ತೋಟದ ರೈಟರ್ ಎಷ್ಟು ಕಟ್ಟುನಿಟ್ಟೋ ನಾನೂ ಅಷ್ಟೇ. ಹೂಮಳೆ ಬಿದ್ದು ಕಾಫಿ ಹೂ ಬಿಟ್ಟಿರುವ ದಿನಗಳಲ್ಲಂತೂ ಗಿಡಗಳ ಸಾಲಿನೊಳಗೆ ಗಾಡಿ ಬಿಡಲೇಬಾರದು.

ಕೊಳ್ಳುವವರಿಗೆ ನನ್ನ ಆಯ್ಕೆ ಹೀಗಿದೆ. ಆಲ್ದೂರು, ಮೂಡಿಗೆರೆ, ಸಕಲೇಶಪುರದಂಥ ಏರುಪೇರಿನ ನೆಲವಾದರೆ 8 ಎಸ್–800 ಕೆವಿ, 16 ಹಲ್ಲಿನ ಪಿನಿಯನ್. ಹಾಸನ, ಅರಸೀಕೆರೆ ಕಡೆಯ ಬಯಲಿನಲ್ಲಿ, ಸಮನಾದ ಮೈದಾನದಲ್ಲಿ ಓಡಿಸುವವರಿಗೆ 6 ಎಸ್–1100 ಕೆವಿ ಸಾಲುತ್ತದೆ, ಎರಡನ್ನು ಸರಣಿಯಲ್ಲಿ ಜೋಡಿಸಿದರೆ 6 ಎಸ್ ಆಗುವ 3 ಎಸ್ ಪ್ಯಾಕುಗಳೂ ಅವಕ್ಕೆ ತಕ್ಕ ಚಾರ್ಜರೂ ಮನೆಯಲ್ಲಿ ಈಗಾಗಲೇ ಇದ್ದರೆ ಖರ್ಚೂ ಉಳಿಯುತ್ತದೆ. ಹಾಗೆ ಮಾಡುವವರು 20 ಹಲ್ಲಿಗಿಂತ ದೊಡ್ಡ ಪಿನಿಯನ್ ಹಾಕದಿರಲಿ, ತಂತಿಯನ್ನು 8 ಗೇಜಿನದೇ ಹಾಕಲಿ, ಮತ್ತು ಇಎಸ್‌ಸಿ ಕೊಳ್ಳುವಾಗ 8 ಎಸ್ ತಡೆಯುವಂಥದ್ದನ್ನೇ ಕೊಳ್ಳಲಿ. ಮುಂದೆ 8 ಎಸ್‌ಗೆ ಹೋಗಬೇಕೆನಿಸಿದ ದಿನ ಬ್ಯಾಟರಿ ಮತ್ತು ಮೋಟಾರನ್ನಷ್ಟೇ ಬದಲಿಸಿದರೆ ಸಾಕಾಗುತ್ತದೆ.