ಕಾಂಪೊಸಿಟ್ ಅಂಟು ಜೋಡಣೆಯ ತಪಾಸಣೆ: ಪಲ್ಸ್-ಎಕೋ, ಥ್ರೂ-ಟ್ರಾನ್ಸ್‌ಮಿಷನ್, ರೆಸೊನೆನ್ಸ್

ಅಂಟು ಎಲ್ಲಾದರೂ ಬಿಟ್ಟಿದೆಯೇ ಎಂದು ಅಲ್ಟ್ರಾಸೌಂಡ್‌ನಿಂದ ನೋಡುವಾಗ, ಕಾರ್ಬನ್ ನಾರಿನ ಹೊದಿಕೆಗೆ ಅಂಟಿಸಿದ ಸ್ಟ್ರಿಂಗರ್‌ಗಳಿಗೆ (ಹೊದಿಕೆಗೆ ಬಿಗಿತ ಕೊಡುವ ಉದ್ದನೆಯ ಪಟ್ಟಿಗಳು) ಪಲ್ಸ್-ಎಕೋ, ಅಂದರೆ ಕಳಿಸಿದ ಶಬ್ದದ ಪ್ರತಿಧ್ವನಿ ಕೇಳುವ ವಿಧಾನ; ಎರಡು ಹೊದಿಕೆಗಳ ನಡುವೆ ಜೇನುಗೂಡು ತಿರುಳಿರುವ ಪ್ಯಾನೆಲ್‌ಗಳಿಗೆ ಥ್ರೂ-ಟ್ರಾನ್ಸ್‌ಮಿಷನ್, ಅಂದರೆ ಒಂದು ಬದಿಯಿಂದ ಕಳಿಸಿದ ಶಬ್ದ ಆಚೆ ಬದಿಗೆ ಎಷ್ಟು ತಲುಪಿತೆಂದು ನೋಡುವ ವಿಧಾನ: ಎರಡನ್ನೂ ಬಳಸಿ ನೋಡಿದ ಮೇಲೆ ನನ್ನ ಆಯ್ಕೆ ಇದು.

ಪಲ್ಸ್-ಎಕೋಗೆ ಒಂದೇ ಬದಿಯಿಂದ ಪ್ರೋಬ್ (ಶಬ್ದ ಕಳಿಸಿ ಕೇಳುವ ಸಾಧನ) ಇಡಲು ಜಾಗವಿದ್ದರೆ ಸಾಕು, ದೋಷ ಎಷ್ಟು ಆಳದಲ್ಲಿದೆ ಎಂಬುದೂ ತಿಳಿಯುತ್ತದೆ. ಆದರೆ ಕಾರ್ಬನ್ ಕಾಂಪೊಸಿಟ್‌ನ ದಪ್ಪದ ದಿಕ್ಕಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 3000 ಮೀಟರ್ ಆಗಿರುವುದರಿಂದ 5 ಮೆಗಾಹರ್ಟ್ಸ್‌ನಲ್ಲಿ ತರಂಗಾಂತರ ಸುಮಾರು 0.6 ಮಿ.ಮೀ. ಆಗುತ್ತದೆ, ಅಂಟಿನ ಪದರವೋ ಸಾಮಾನ್ಯವಾಗಿ ಅದಕ್ಕಿಂತ ಬಹಳ ತೆಳು. ಹೀಗಾಗಿ ಅಂಟಿನ ಮೇಲ್ಮುಖ ಮತ್ತು ಕೆಳಮುಖದ ಪ್ರತಿಧ್ವನಿಗಳು ಒಂದರೊಳಗೊಂದು ಬೆರೆತುಹೋಗುತ್ತವೆ. ಚೆನ್ನಾಗಿ ಅಂಟಿದ ಜಾಗವೂ ಚಿಕ್ಕದೊಂದು ಪ್ರತಿಧ್ವನಿಯನ್ನು ಕೊಡುವುದರಿಂದ, ಅದರ ಎತ್ತರಕ್ಕಿಂತ ಸ್ಟ್ರಿಂಗರ್ ಫ್ಲ್ಯಾಂಜಿನ (ಹೊದಿಕೆಗೆ ಅಂಟಿಕೊಳ್ಳುವ ಅದರ ಚಪ್ಪಟೆ ಭಾಗ) ಹಿಂಬದಿಯ ಪ್ರತಿಧ್ವನಿ, ಅಂಟು ಬಿಟ್ಟರೆ ಶಬ್ದ ಅಲ್ಲಿಗೆ ತಲುಪದ ಕಾರಣ, ಉಳಿದಿದೆಯೇ, ಮಾಯವಾಗಿದೆಯೇ ಎಂಬುದನ್ನೇ ನಾನು ಹೆಚ್ಚು ನಂಬುತ್ತೇನೆ. ಫ್ಲ್ಯಾಂಜಿನ ಅಂಚಿನಲ್ಲಿ ಮಾತ್ರ ಎಚ್ಚರ ಬೇಕು: ಅಲ್ಲಿ ಪ್ರೋಬ್ ಕೊಂಚ ವಾಲಿದರೂ ಆ ಪ್ರತಿಧ್ವನಿ ಕುಸಿದು, ಸರಿಯಾದ ಜೋಡಣೆಯೇ ಬಿಟ್ಟುಕೊಂಡಂತೆ ಕಾಣುತ್ತದೆ.

ಜೇನುಗೂಡಿನಲ್ಲಿ ಶಬ್ದ ಬಹುಪಾಲು ಕೋಶಗಳ ತೆಳುಗೋಡೆಗಳ ಮೂಲಕವೇ ಸಾಗಬೇಕಾದ್ದರಿಂದ ಆಚೆ ಬದಿಯ ಅಂಟಿನ ಸುದ್ದಿ ಪಲ್ಸ್-ಎಕೋಗೆ ಸಿಗುವುದು ಕಷ್ಟ. ಎರಡೂ ಕಡೆ ನೀರಿನ ಜೆಟ್ ಹಿಡಿದು ಮಾಡುವ ಥ್ರೂ-ಟ್ರಾನ್ಸ್‌ಮಿಷನ್‌ನಲ್ಲಿ ಅಂಟು ಬಿಟ್ಟ ಭಾಗ ಸಿ-ಸ್ಕ್ಯಾನ್ ಚಿತ್ರದಲ್ಲಿ (ಮೇಲಿನಿಂದ ನೋಡಿದಂತಿರುವ ನಕ್ಷೆ) ಸ್ಪಷ್ಟವಾಗಿ ಮೂಡುತ್ತದೆ, ಆದರೆ ಬಿಟ್ಟಿರುವುದು ಯಾವ ಹೊದಿಕೆ ಎಂದು ಅದು ಹೇಳುವುದಿಲ್ಲ. ತಿರುಳಿನೊಳಕ್ಕೆ ನೀರು ಇಳಿಯಬಹುದಾದ ಕಡೆ ಗಾಳಿಯ ಮೂಲಕವೇ ಕೆಲಸ ಮಾಡುವ ಪ್ರೋಬ್‌ಗಳು ವಾಸಿ. ಆದರೂ 200 ಕಿಲೋಹರ್ಟ್ಸ್‌ನಲ್ಲಿ ಗಾಳಿಯ ತರಂಗಾಂತರವೇ 1.7 ಮಿ.ಮೀ. ಇರುವುದರಿಂದ ಸೂಕ್ಷ್ಮ ದೋಷಗಳ ಅಂಚು ಮಸುಕಾಗುತ್ತದೆ.

ಪ್ರೋಬ್‌ನ ಅನುರಣನ (ರೆಸೊನೆನ್ಸ್) ಜೋಡಣೆಯ ಮೇಲಿಟ್ಟಾಗ ಹೇಗೆ ಬದಲಾಗುತ್ತದೆ ಎಂದು ನೋಡುವ ರೆಸೊನೆನ್ಸ್ ಬಾಂಡ್ ಟೆಸ್ಟರ್ ಬೇಗ ಮುಗಿಯುವ ಕೆಲಸ. ಆದರೆ ಅಂಟಿನ ದಪ್ಪ ಬದಲಾದರೂ ಸೂಚಿ ಸರಿಯುವುದರಿಂದ, ಅದೇ ರಚನೆಯ ಮಾದರಿ ತುಣುಕಿಲ್ಲದೆ ನಾನು ಅದನ್ನು ಬಳಸಲಾರೆ.

ಈ ಯಾವ ವಿಧಾನವೂ ಅಂಟಿನ ಬಲವನ್ನು ಅಳೆಯುವುದಿಲ್ಲ. ಬಿಡುಗಡೆ ದ್ರವ್ಯ (ಅಂಟು ಹಿಡಿಯದಂತೆ ತಡೆಯುವ ಲೇಪ) ಸವರಿದ ಮೇಲ್ಮೈಗೆ ಅಂಟಿಸಿದ ತುಣುಕು ಸ್ಕ್ಯಾನ್‌ನಲ್ಲಿ ಒಳ್ಳೆಯ ತುಣುಕಿನಂತೆಯೇ ಕಂಡು, ಎಳೆದಾಗ ನುಣುಪಾಗಿ ಸುಲಿದು ಬಂತು. ಮುಖಗಳು ಪರಸ್ಪರ ತಾಗಿಕೊಂಡಿದ್ದರೆ ಶಬ್ದ ದಾಟಿಹೋಗುತ್ತದೆ, ಹಿಡಿತವಿದೆಯೇ ಎಂದು ಅದು ಕೇಳುವುದಿಲ್ಲ. ಆದ್ದರಿಂದ ಸ್ಕ್ಯಾನ್ ಚಿತ್ರದೊಡನೆ ಮೇಲ್ಮೈ ಸಿದ್ಧತೆಯ ದಾಖಲೆಯನ್ನೂ, ಅದೇ ಬ್ಯಾಚಿನ ತುಣುಕನ್ನು ಮುರಿದು ನೋಡಿದ ಫಲಿತಾಂಶವನ್ನೂ ಕೇಳಿ ಪಡೆದ ಮೇಲೆಯೇ ನಾನು ವರದಿಗೆ ಸಹಿ ಹಾಕುವುದು.